ಯಾರ ಪೈಕಿ?

ಹೊಳೆಬಾಗಿಲ ಸೀಮೆಯಲ್ಲಿ ಬೆಳ್ಳಪ್ಪನ ಹೆಸರು ಕೇಳದವರು ಕಡಿಮೆ. ಗೇಣಿ ಅಳೆಯುವ ಒಡೆಯರ ಕೊಳಗ ವರ್ಷ ವರ್ಷಕ್ಕೂ ಹೊಟ್ಟೆ ಬೆಳೆಸಿಕೊಳ್ಳುತ್ತಿದೆ, ನಮ್ಮ ಹೊಟ್ಟೆ ಮಾತ್ರ ಬೆನ್ನಿಗೆ ಹತ್ತುತ್ತಿದೆ ಎಂದು, ಕಣದ ನಡುವೆ ಕೊಳಗವನ್ನೇ ಬೋರಲು ಹಾಕಿ ಅದರ ಮೇಲೆ ಕೂತವನು ಅವನು. ಏಳು ಅಂದರೆ ಏಳಲಿಲ್ಲ. ಪೊಲೀಸರು ಬಂದು ಕೊಳಗದ ಸಮೇತ ಹೊತ್ತುಕೊಂಡು ಹೋದರಂತೆ. ಅವನ ಮಗ ಮಾಸ್ತಪ್ಪ. ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ಏರಿದಾಗ ಊರವರೆಲ್ಲ ತೊಲೆ, ದಾರಂದ, ಹಂಡೆ ಎಂದು ಕಿತ್ತು ಸಾಗಿಸುತ್ತಿದ್ದರೆ, ಮಾಸ್ತಪ್ಪ ದೋಣಿಯಲ್ಲಿ ಮೊದಲು ಸಾಗಿಸಿದ್ದು ನೆರೆಮನೆಯ ಕಣ್ಣು ಕಾಣದ ಮುದುಕಿಯನ್ನು. ತಿರುಗಿ ಬರುವಷ್ಟರಲ್ಲಿ ಅವನ ಮನೆಯ ದಾರಂದ ನೀರೊಳಗಾಗಿತ್ತು. ಅವನ ಹೆಂಡತಿ ಕೆರಿಯಮ್ಮ ಸೂಲಗಿತ್ತಿ. ಕರೆದ ಮನೆಗೆ ಕರೆದ ಹೊತ್ತಿಗೆ ಹೋದವಳು, ಒಡೆಯರ ಮನೆಗೂ, ಒಡೆಯರು ಒಕ್ಕಲೆಬ್ಬಿಸಿದವರ ಮನೆಗೂ. ಇವರ ಮಗ ಮಂಜಯ್ಯ, ಮಾತು ಆಡಿದರೆ ಎಲ್ಲಿ ಸವೆಯುತ್ತದೋ ಎನ್ನುವಂಥವನು. ಊರಿನ ಶಾಲೆಗೆ ತನ್ನ ಗದ್ದೆಯ ಒಂದು ಮೂಲೆ ಬಿಟ್ಟುಕೊಟ್ಟದ್ದನ್ನು ಹೆಂಡತಿಗೂ ಹೇಳಿರಲಿಲ್ಲ. ಆ ಹೆಂಡತಿಯೇ ದುಗ್ಗಮ್ಮ.

ಇಷ್ಟನ್ನೂ ಭವ್ಯಾ ಒಂದೇ ಉಸಿರಿಗೆ ಹೇಳಬಲ್ಲಳು. ಇವರಲ್ಲಿ ಒಬ್ಬರ ರಕ್ತವೂ ಅವಳ ಮೈಯಲ್ಲಿಲ್ಲ.

ಹೊಸನಗರದ ಕಡೆ ಗದ್ದೆ ಗುತ್ತಿಗೆ ಹಿಡಿದು ಶುಂಠಿ ಹಾಕುವವರು ಬಯಲುಸೀಮೆಯಿಂದ ಕೂಲಿಯವರನ್ನು ತಂದು ನೀಲಿ ತಾಡಪಾಲಿನ ಗುಡಾರದಲ್ಲಿ ಇಳಿಸುತ್ತಾರೆ. ಅಂಥ ಒಂದು ಕ್ಯಾಂಪಿನಲ್ಲಿ ಯಲ್ಲವ್ವ ಎಂಬ ಹೆಂಗಸು ಜ್ವರ ಬಂದು ತೀರಿಕೊಂಡಳು. ಜೊತೆಯಲ್ಲಿದ್ದ ಒಂಬತ್ತು ವರ್ಷದ ಮಗಳಿಗೆ ಅವ್ವನ ಹೆಸರು ಬಿಟ್ಟರೆ ಊರೂ ಗೊತ್ತಿಲ್ಲ, ಅಪ್ಪನೂ ಗೊತ್ತಿಲ್ಲ. ಶುಂಠಿ ಕಿತ್ತು ಮುಗಿಯಿತು, ಕ್ಯಾಂಪು ಎದ್ದು ಹೋಯಿತು, ಹುಡುಗಿ ಉಳಿದಳು. ನೆಂಟರು ಯಾರಾದರೂ ಹುಡುಕಿಕೊಂಡು ಬಂದಾರು ಎಂದು ದತ್ತು ಕೊಡದೆ, ಹದಿನೆಂಟು ತುಂಬುವ ತನಕ ಸಾಕುವ ಮನೆಯನ್ನು ಮಕ್ಕಳ ಕಲ್ಯಾಣ ಸಮಿತಿಯವರು ಹುಡುಕಿದರು. ಮಕ್ಕಳಿಲ್ಲದ ದುಗ್ಗಮ್ಮ, "ನಾನು ಕೆರಿಯಮ್ಮನ ಸೊಸೆ, ಕಳಿಸಿ" ಎಂದಳು. ಯಾವ ನೆಂಟರೂ ಬರಲಿಲ್ಲ.

ದುಗ್ಗಮ್ಮ ಹೊಟ್ಟೆಗೆ ಕಡಿಮೆ ಮಾಡಿದವಳಲ್ಲ, ಬಟ್ಟೆಗೆ ಕಡಿಮೆ ಮಾಡಿದವಳಲ್ಲ. ಜ್ವರ ಬಂದರೆ ತಲೆದಿಂಬಿನ ಪಕ್ಕದಿಂದ ಏಳುತ್ತಿರಲಿಲ್ಲ. ಆದರೆ ಆ ಮನೆಯಲ್ಲಿ ಸತ್ತವರಿಗೆ ಬದುಕಿದವರಿಗಿಂತ ಹೆಚ್ಚು ದನಿ. ಹುಡುಗಿ ಜೋರಾಗಿ ನಕ್ಕರೆ, "ಬೆಳ್ಳಪ್ಪನ ಮರಿಮಗಳು ಹಿಂಗೆ ನಗ್ತಾಳಾ?" ಕನ್ನಡಿ ಮುಂದೆ ನಿಂತರೆ, "ಕೆರಿಯಮ್ಮ ಜನ್ಮದಲ್ಲಿ ಕನ್ನಡಿ ನೋಡಿದೋಳಲ್ಲ." ನಿನಗೆ ಎಂತ ಬೇಕು ಎಂಬ ಮಾತು ಬರುತ್ತಿರಲಿಲ್ಲ. ನಮ್ಮ ಮನೆಯವರು ಎಂತ ಮಾಡ್ತಾರೆ ಎಂಬ ಮಾತೇ ಬರುತ್ತಿತ್ತು. ಭವ್ಯಾಳಿಗೆ ಒಮ್ಮೊಮ್ಮೆ ಬೋರಲು ಬಿದ್ದ ಆ ಕೊಳಗದೊಳಗೆ ತಾನು ಕೂತಿದ್ದೇನೆ, ಮೇಲೆ ಬೆಳ್ಳಪ್ಪ ಕೂತಿದ್ದಾನೆ ಅನ್ನಿಸುತ್ತಿತ್ತು. ಅವನಂತೂ ಏಳು ಅಂದರೆ ಏಳುವವನಲ್ಲ.

ಹತ್ತನೇ ತರಗತಿ ಮುಗಿದ ಮೇಲೆ ಅವಳು ಹಟ ಹಿಡಿದು ಸಾಗರದ ಐಟಿಐಗೆ ಸೇರಿ ಎಲೆಕ್ಟ್ರಿಷಿಯನ್ ಕೆಲಸ ಕಲಿತಳು. ಹದಿನೆಂಟು ಹತ್ತಿರವಾದಾಗ ಮಕ್ಕಳ ರಕ್ಷಣಾ ಘಟಕದಿಂದ ಮೇಘನಾ ಎಂಬ ಮೇಡಂ ಬರತೊಡಗಿದರು. ಇಂಥ ಮಕ್ಕಳನ್ನು ತಮ್ಮ ಕಾಲ ಮೇಲೆ ನಿಲ್ಲಲು ತಯಾರು ಮಾಡುವುದು ಅವರ ಕೆಲಸ. ಬ್ಯಾಂಕಿನಲ್ಲಿ ಹೇಗೆ ಮಾತಾಡಬೇಕು, ಸಂಬಳ ಬಂದ ದಿನವೇ ಹೇಗೆ ಖಾಲಿ ಮಾಡಬಾರದು, ಒಬ್ಬಳಿಗೇ ಅನ್ನ ಎಷ್ಟು ಇಡಬೇಕು, ಎಲ್ಲ ಹೇಳಿಕೊಟ್ಟರು.

"ಹದಿನೆಂಟು ತುಂಬಿದ ಮೇಲೆ ಇವಳ ಜವಾಬ್ದಾರಿ ನಿಮ್ಮದಲ್ಲ ದುಗ್ಗಮ್ಮ" ಎಂದರು ಒಂದು ದಿನ.

"ಹದಿನೆಂಟು ತುಂಬಿದ್ರೆ ಹೊಟ್ಟೆ ಹಸಿಯಲ್ವಾ ಮೇಡಂ?"

"ಹಾಗಲ್ಲ. ಅವಳು ನಿಮ್ಮಲ್ಲೇ ಇರಬಹುದು. ಆದರೆ ಅವಳಿಗೆ ಬೇರೆ ಇರಬೇಕು ಅಂತ ಮನಸ್ಸಿದ್ದರೆ ಆ ದಾರಿಯೂ ಇರಬೇಕು. ಈಗ ಬಾಡಿಗೆ ರೂಮು ಕೇಳೋದು ಅಭ್ಯಾಸ ಮಾಡಿಸೋಣ. ನೀವು ಓನರ್ ಆಗಿ."

ದುಗ್ಗಮ್ಮನಿಗೆ ಹುರುಪು ಬಂತು. ಗಂಡನ ಟವಲು ಹೆಗಲಿಗೆ ಹಾಕಿ ಕಾಲ ಮೇಲೆ ಕಾಲು ಹಾಕಿ ಕೂತಳು. ಭವ್ಯಾ ಬಾಗಿಲಲ್ಲಿ ನಿಂತು, ಮೇಡಂ ಹೇಳಿಕೊಟ್ಟ ಹಾಗೆ, "ನಮಸ್ಕಾರ. ನಾನು ಭವ್ಯಾ. ಇದು ನನ್ನ ಆಧಾರ್ ಕಾರ್ಡು. ನನಗೆ ಇಂಥಲ್ಲಿ ಕೆಲಸ ಇದೆ" ಎಂದಳು.

"ಅದಿರ್ಲಿ. ಯಾರ ಪೈಕಿ ನೀನು?"

ಭವ್ಯಾ ಮೇಡಂ ಕಡೆ ನೋಡಿದಳು. ಮೇಡಂ, "ಹಾಗೆ ಕೇಳಿದರೆ, ನಾನು ಕೆಲಸ ಮಾಡಿಕೊಂಡಿರುವ ಹುಡುಗಿ ಅಂತ ಹೇಳು" ಎಂದರು.

ದುಗ್ಗಮ್ಮ ಟವಲು ತೆಗೆದಿಟ್ಟಳು. "ಮೇಡಂ, ನೀವು ಓದಿದೋರು. ಆದ್ರೆ ಕಾರ್ಡು ನೋಡಿ ರೂಮು ಕೊಡೋನು ಲಾಡ್ಜಿನೋನು. ನಮ್ಮ ಮೂರು ತಾಲೂಕಲ್ಲಿ ಮನೆಯೋರು ಮನೆ ಕೊಡ್ಬೇಕಂದ್ರೆ ಪೈಕಿ ಹೇಳ್ಬೇಕು. ಭವ್ಯಾ, ನೀನು ಹೇಳೇ ಮಗಾ."

"ಹೊಳೆಬಾಗಿಲ ಬೆಳ್ಳಪ್ಪನ ಮೊಮ್ಮಗ ಮಂಜಯ್ಯನ ಪೈಕಿ. ಮಾಸ್ತಪ್ಪ, ಕೆರಿಯಮ್ಮನ ಮನೆ."

"ಆತು. ಬೀಗದಕೈ ತಗ."

ಮೇಡಂ ನಕ್ಕರು. ಭವ್ಯಾ ನಗಲಿಲ್ಲ. ಮೇಡಂ ಕಲಿಸಿದ್ದು ಹೊರಗೆ ಹೋಗುವುದನ್ನು, ದುಗ್ಗಮ್ಮ ಕಲಿಸಿದ್ದು ಒಳಗಿನದನ್ನೇ ಹೊತ್ತುಕೊಂಡು ಹೋಗುವುದನ್ನು ಎಂಬುದು ಅವಳಿಗೆ ಆಗ ಮಾತಿನಲ್ಲಿ ಹೊಳೆದಿರಲಿಲ್ಲ.

ಕೆಲಸ ಸಿಕ್ಕಿದ್ದು ತೀರ್ಥಹಳ್ಳಿಯಲ್ಲಿ, ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿಯಲ್ಲಿ. ಪಂಪ್‌ಸೆಟ್ಟು, ಅಡಿಕೆ ಸುಲಿಯುವ ಮಿಷನ್ನು, ಹಿಟ್ಟಿನ ಗಿರಣಿ, ಸುತ್ತಲಿನ ಸುಟ್ಟದ್ದೆಲ್ಲ ಅಲ್ಲಿಗೇ ಬರುತ್ತಿತ್ತು. ಅಂಗಡಿಯ ಪೂರ್ಣೇಶ್ ಕೂಡ ಮೊದಲು ಕೇಳಿದ್ದು ಅದನ್ನೇ. ಅವಳು ಹೇಳಿದಳು. "ಆ ಕಡೆಯೋರು ಯಾರೂ ನಂಗೆ ಗೊತ್ತಿಲ್ಲ. ವೈಂಡಿಂಗ್ ಬರುತ್ತಾ?" ಎಂದ. ಬರುತ್ತೆ ಅಂದಳು. ಒಂದು ಸುಟ್ಟ ಮೋಟರು ಮುಂದಿಟ್ಟ. ಅವಳು ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಚ್ಚಿ ಒಣಗಿಸಿ, ತಿರುಗಿಸಿ ತೋರಿಸಿದಳು. ಸೋಮವಾರದಿಂದ ಬಾ ಎಂದ.

ಇನ್ನು ಬೇಕಾದದ್ದು ಒಂದು ರೂಮು. ತಾನೇ ಬೀಗ ಹಾಕಿ ತಾನೇ ತೆಗೆಯುವ ಒಂದು ರೂಮು. ಅವಳಿಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ.

ಮೊದಲು ಮೇಡಂ ಹೇಳಿದ ದಾರಿ ಹಿಡಿದಳು. ಕಾರ್ಡು ತೋರಿಸಿದಳು, ಕೆಲಸ ಹೇಳಿದಳು. ಒಂದು ಮನೆಯವರು "ಒಂಟಿ ಹುಡುಗೀರಿಗೆ ಕೊಡಲ್ಲ" ಅಂದರು. ಇನ್ನೊಂದು ಮನೆಯಾಕೆ "ಯಾರ ಪೈಕಿ?" ಎಂದು ಕೇಳಿ, ಇವಳು ಕೆಲಸದ ಹುಡುಗಿ ಎಂದದ್ದಕ್ಕೆ, "ಮನೆ ಕೆಲಸಕ್ಕೆ ನಮ್ಮಲ್ಲಿ ಜನ ಇದಾರೆ" ಎಂದು ಬಾಗಿಲು ಮುಂದೆ ಮಾಡಿದಳು. ಬಿಸಿಲಿನಲ್ಲಿ ಅಲೆದು ಅಲೆದು ಸುಸ್ತಾಗಿ, ಕೊನೆಗೆ ಒಂದು ಹೆಂಚಿನ ಮನೆಯ ಮುಂದೆ ಬೀನ್ಸಿನ ನಾರು ತೆಗೆಯುತ್ತಿದ್ದ ಚೌಡಮ್ಮ ಎಂಬ ಹೆಂಗಸು ಅದೇ ಪ್ರಶ್ನೆ ಕೇಳಿದಾಗ, ಬಾಯಿ ತಾನಾಗಿಯೇ ದುಗ್ಗಮ್ಮನ ಪಾಠ ಒಪ್ಪಿಸಿತು.

"ತಡಿ ತಡಿ. ಯಾವ ಕೆರಿಯಮ್ಮ? ಸೂಲಗಿತ್ತಿ ಕೆರಿಯಮ್ಮನಾ?"

"ಹೂಂ."

ಚೌಡಮ್ಮನ ಕೈಯಿಂದ ಬೀನ್ಸು ಜಾರಿತು. "ಮಾರಾಯ್ತಿ, ಕೆರಿಯಮ್ಮ ನಮ್ಮವ್ವನ ಒಡಹುಟ್ಟಿದ ಅಕ್ಕ ಕಣೆ. ಮುಳುಗಡೆ ಆದಾಗ ನಾನು ಅವ್ವನ ಹೊಟ್ಟೇಲಿದ್ದೆ. ನಮ್ಮಪ್ಪಂಗೆ ಇತ್ಲಾಗೆ ಜಾಗ ಕೊಟ್ರು, ಅವ್ರು ಅತ್ಲಾಗೇ ಉಳಿದ್ರು. ಅವ್ವ ಹೋದ ಮೇಲೆ ಹೋಗಿ ಬರೋದೇ ನಿಂತೋತು." ಬೆರಳು ಮಡಚಿ ಲೆಕ್ಕ ಹಾಕಿದಳು. "ಅಲ್ಲಿಗೆ ಮಂಜಯ್ಯ ನಂಗೆ ಅಣ್ಣ ಆದ. ಅಣ್ಣನ ಮಗಳು ನೀನು ನಂಗೆ ಸೋದರ ಸೊಸೆ. ಅಲ್ದಾ?"

ಅಣ್ಣನ ಮಗಳು ಎಂಬ ಮಾತಿನಲ್ಲಿ ಭವ್ಯಾ ಬಾಯಿ ತೆರೆದಳು. ಆದರೆ ಚೌಡಮ್ಮ ಆಗಲೇ ಒಳಗೆ ಹೋಗಿ ಬೀಗದಕೈ ತಂದಿದ್ದಳು. ಆ ಬೀಗದಕೈ ನೋಡಿದ ಮೇಲೆ ಭವ್ಯಾಳ ಬಾಯಿ ಮುಚ್ಚಿಕೊಂಡಿತು.

"ಆಂಟಿ, ಬಾಡಿಗೆ..."

"ಆಂಟಿ ಅಂತೆ ಆಂಟಿ. ಅತ್ತೆ ಅನ್ನು."

ರೂಮು ಚೆನ್ನಾಗಿಯೇ ಇತ್ತು, ಗಾಳಿ ಇತ್ತು, ಬೆಳಕಿತ್ತು. ಆದರೆ ಬಾಗಿಲು ಚೌಡಮ್ಮನ ಅಡುಗೆಮನೆಗೆ ತೆರೆಯುತ್ತಿತ್ತು. ಸ್ಟವ್ ಹಚ್ಚಲು ಹೋದರೆ, "ಸೋದರ ಸೊಸೆ ಬೇರೆ ಬೇಯಿಸ್ಕಂಡ್ಲು ಅಂದ್ರೆ ಊರು ನಗಲ್ವಾ?" ಬೀಗದಕೈ ಎರಡು ಇತ್ತು. ಇನ್ನೊಂದು ಚೌಡಮ್ಮನ ಸೊಂಟದಲ್ಲಿ. ಅಂಗಡಿಯಿಂದ ಬರುವುದು ಸ್ವಲ್ಪ ತಡವಾದರೆ ಹೊಳೆಬಾಗಿಲಿಗೆ ಫೋನು ಹೋಗುತ್ತಿತ್ತು. ಅಲ್ಲಿಂದ ದುಗ್ಗಮ್ಮನ ಫೋನು ಇವಳಿಗೆ ಬರುತ್ತಿತ್ತು. ಕಳೆದುಹೋದ ನೆಂಟಸ್ತಿಕೆ ಸಿಕ್ಕ ಖುಷಿಯಲ್ಲಿ ಇಬ್ಬರು ಹೆಂಗಸರೂ ದಿನಾ ಮಾತಾಡುತ್ತಿದ್ದರು, ಮಾತಿಗೆ ವಸ್ತು ಇವಳೇ. ಸಂಜೆ ಹೊತ್ತಿಗೆ ಚೌಡಮ್ಮನ ಮಗ ದಿನೇಶ್ ಅಂಗಡಿ ಮುಂದೆ ಬೈಕು ನಿಲ್ಲಿಸಿ, ಎಂಜಿನ್ನೂ ಆಫ್ ಮಾಡದೆ ಕಾಯುತ್ತಿದ್ದ.

"ಭವ್ಯಾ, ನಿನ್ನ ಕರೆಂಟ್ ಬಿಲ್ಲು ಬ್ಯಾಡ ಅಂದ್ರೂ ಬಂದು ನಿಂತೈತೆ ನೋಡು" ಎನ್ನುತ್ತಿದ್ದ ಪೂರ್ಣೇಶ್.

"ನಾನು ನಡ್ಕಂಡು ಬರ್ತೀನಿ ಅಂದ್ನಲ್ಲ" ಎಂದರೆ, ದಿನೇಶ್ ತಲೆ ತಗ್ಗಿಸಿ, "ಅವ್ವ ಹೇಳಿದಾಳೆ" ಎನ್ನುತ್ತಿದ್ದ. ಒಳ್ಳೆಯ ಹುಡುಗನೇ. ಅವನ ಮಟ್ಟಿಗೂ ಆ ಮನೆಯಲ್ಲಿ ಬೀಗದಕೈ ಅವ್ವನ ಸೊಂಟದಲ್ಲೇ ಇತ್ತು.

ಒಂದು ಭಾನುವಾರ ಚೌಡಮ್ಮ ಅವಳ ತಲೆಗೆ ಎಣ್ಣೆ ತಟ್ಟುತ್ತ, ಏನೋ ಹಗುರಾದ ಮಾತೆಂಬಂತೆ ಕೇಳಿದಳು. "ನಿಮ್ಮವ್ವಂದು ಯಾವ ಬಳಿ?"

ಈ ಎರಡೂ ಮನೆಗಳವರ ಜಾತಿಯಾದ ದೀವರಲ್ಲಿ ಬಳಿ ಎಂಬುದು ತಾಯಿಯಿಂದ ಮಕ್ಕಳಿಗೆ ಇಳಿಯುವ ಕುಲದ ಗುರುತು. ಒಂದೇ ಬಳಿಯವರು ಒಡಹುಟ್ಟಿದವರ ಸಮ, ಅವರೊಳಗೆ ಮದುವೆ ಇಲ್ಲ. ಆ ಜಾತಿಯ ಪ್ರತಿ ಹೆಣ್ಣುಮಗುವೂ ತನ್ನ ಹೆಸರಿನ ಜೊತೆಗೇ ಕಲಿಯುವ ಮಾತು ಅದು. ಬೆಳ್ಳಪ್ಪನಿಂದ ಹಿಡಿದು ಮೂರು ತಲೆ ಬಾಯಿಪಾಠ ಮಾಡಿಸಿದ ದುಗ್ಗಮ್ಮ ಇದೊಂದನ್ನು ಹೇಳಿಕೊಟ್ಟಿರಲಿಲ್ಲ. ಮರೆತದ್ದಲ್ಲ. ಮನೆತನದ ಹೆಸರನ್ನು ಕೊಡಬಹುದಾಗಿತ್ತು, ಬಳಿ ಕೊಡಲು ಹೊಟ್ಟೆಯಲ್ಲಿ ಹೊರಬೇಕಿತ್ತು. ಪಾಠದಲ್ಲಿ ಆ ಜಾಗ ಖಾಲಿಯೇ ಉಳಿದಿತ್ತು.

"ಗೊತ್ತಿಲ್ಲ ಅತ್ತೆ."

ಎಣ್ಣೆಯ ಕೈ ನಿಂತಿತು. "ಬಳಿ ಗೊತ್ತಿಲ್ಲ ಅಂದ್ರೆ ಎಂತ ಹುಡುಗಿ? ಹೆತ್ತ ಹೊಟ್ಟೆ ಗೊತ್ತಿಲ್ಲ ಅಂದ್ಹಂಗೆ." ಎಣ್ಣೆ ಕೈಯಲ್ಲೇ ಫೋನು ಒತ್ತಿ ಸ್ಪೀಕರಿಗೆ ಹಾಕಿದಳು. "ಅತ್ತಿಗೆ, ನಿಮ್ಮ ಮಗಳಿಗೆ ಬಳಿ ಗೊತ್ತಿಲ್ವಂತೆ ಕಾಣಿ. ಈಗಿನ ಕಾಲದ ಹುಡುಗೀರು. ನಮ್ಮ ದಿನೇಶಂಗೆ ಕೇಳಾಣ ಅಂತಿದ್ದೆ. ನಿಮ್ಮದು ಯಾವುದು?"

ಆ ಕಡೆಯಿಂದ ಭವ್ಯಾಳಿಗೆ ಮಂಜಯ್ಯ ಕೆಮ್ಮಿದ್ದು ಕೇಳಿಸಿತು. ಅಮ್ಮ ಈಗ ಹೇಳುತ್ತಾಳೆ, ಇದು ಇಲ್ಲಿಗೆ ಮುಗಿಯುತ್ತದೆ ಎಂದು ಅವಳು ಕಣ್ಣು ಮುಚ್ಚಿದಳು. ದುಗ್ಗಮ್ಮ ತನ್ನ ಬಳಿಯ ಹೆಸರು ಹೇಳಿ, "ನಂದು ಯಾವುದೋ ಅವಳದ್ದೂ ಅದೇ" ಎಂದಳು.

"ನಮ್ಮದು ಬೇರೆ. ಹಂಗಾದ್ರೆ ಎಲ್ಲ ಸರಿಯಾತು" ಎಂದು ಚೌಡಮ್ಮ ಮತ್ತೆ ಎಣ್ಣೆ ತಟ್ಟತೊಡಗಿದಳು. ತಲೆ ಬಗ್ಗಿಸಿ ಕೂತ ಭವ್ಯಾಳಿಗೆ ಆ ಎರಡು ಕೈಗಳ ನಡುವಿನಿಂದ ತಲೆ ಎತ್ತಲಾಗಲಿಲ್ಲ.

ಮರುದಿನ ಅಂಗಡಿಯ ಹಿಂದೆ ನಿಂತು ಅವಳೇ ಫೋನು ಮಾಡಿದಳು. "ಎಂತಕ್ಕೆ ಹಂಗೆ ಹೇಳ್ದೆ ಅಮ್ಮ?"

"ಮತ್ತೆಂತ ಹೇಳ್ಬೇಕಿತ್ತೆ? ಇವಳು ನಮ್ಮೋಳಲ್ಲ ಅಂತ ಕೈ ಬಿಡ್ಲಾ? ಒಳ್ಳೆ ಮನೆ, ಒಳ್ಳೆ ಹುಡುಗ. ಹುಡುಕ್ಕಂಡು ಹೋದ್ರೂ ಸಿಗಲ್ಲ."

"ನಾನು ಹುಡುಕ್ಕಂಡು ಬಂದಿದ್ದು ರೂಮು."

"ಎರಡೂ ಒಂದೇ ಕಡೆ ಸಿಕ್ಕಿದ್ರೆ ಬ್ಯಾಡ ಅಂತಾರಾ?"

ಅದಾದ ಮೇಲೆ ದಿನಗಳು ತಿರುಪು ಬಿಗಿಯುವ ಹಾಗೆ ಬಿಗಿಯುತ್ತ ಹೋದವು. ಮೇಗರವಳ್ಳಿಯ ನೆಂಟರು ಬಂದು ಅವಳನ್ನು ಮೇಲಿಂದ ಕೆಳಗೆ ನೋಡಿ, "ಥೇಟ್ ಕೆರಿಯಮ್ಮನ ಮೂಗು" ಎಂದು ಹೇಳಿ ಹೋದರು. ಚೌಡಮ್ಮ ಹೆಮ್ಮೆಯಿಂದ ಆ ಮೂಗನ್ನು ಬೀದಿಗೆಲ್ಲ ಸಾರಿದಳು. "ಮದುವೆ ಆದ್ಮೇಲೆ ಆ ಮೋಟರ್ ಬಿಚ್ಚೋದೆಲ್ಲ ಎಂತಕ್ಕೆ? ಕೈಯೆಲ್ಲ ಮಸಿ" ಎಂಬ ಮಾತೂ ಬಂತು. ರಾತ್ರಿ ಊಟಕ್ಕೆ ಕೂತಾಗ ಕೇಳದೆಯೇ ತಟ್ಟೆಗೆ ಎರಡನೇ ಸೌಟು ತುಪ್ಪ ಬೀಳತೊಡಗಿತು. ಬಿಟ್ಟು ಹೋಗಲು ಜಗಳದ ಕಾರಣವೂ ಇರಲಿಲ್ಲ. ಹೊಡೆದವರಿಲ್ಲ, ಬೈದವರಿಲ್ಲ, ಎಲ್ಲರೂ ಪ್ರೀತಿ ಮಾಡುವವರೇ. ಆ ಪ್ರೀತಿಯೆಲ್ಲ ಹುಟ್ಟದೇ ಇದ್ದ ಒಬ್ಬ ಹುಡುಗಿಗೆ ಸಲ್ಲುತ್ತಿತ್ತು. ಭವ್ಯಾ ಅವಳ ಹೆಸರಲ್ಲಿ ಉಣ್ಣುತ್ತಿದ್ದಳು.

ಯುಗಾದಿಗೆ ದುಗ್ಗಮ್ಮನನ್ನೂ ಮಂಜಯ್ಯನನ್ನೂ ಕರೆಸಿ ಮಾತು ಮುಗಿಸುವುದು ಎಂದು ತೀರ್ಮಾನವಾಯಿತು. ಅದಕ್ಕೆ ಮೊದಲು ಒಂದು ಬೆಳಿಗ್ಗೆ, ಚೌಡಮ್ಮ ದೋಸೆ ಹುಯ್ಯುತ್ತಿದ್ದಾಗ, ಭವ್ಯಾ ಒಲೆಯ ಪಕ್ಕದಲ್ಲಿ ನಿಂತು ಹೇಳಿಬಿಟ್ಟಳು.

"ಅತ್ತೆ, ನಾನು ಮಂಜಯ್ಯನೋರ ಹೊಟ್ಟೇಲಿ ಹುಟ್ಟಿದೋಳಲ್ಲ. ಸಾಕಿದ್ದು. ನಮ್ಮವ್ವ ಶುಂಠಿ ಕೂಲಿಗೆ ಬಂದೋಳು. ಯಲ್ಲವ್ವ ಅಂತ. ನಂಗೆ ಬಳಿ ಇಲ್ಲ."

ಕಾವಲಿಯ ಮೇಲೆ ದೋಸೆ ಸೀದು ಹೊಗೆ ಎದ್ದಿತು. ಚೌಡಮ್ಮ ಮಗುಚುವುದನ್ನು ಮರೆತು ನಿಂತಳು. ಬೈದರೆ ಬೈಯಲಿ, ಪೆಟ್ಟಿಗೆ ಹೊರಗೆ ಎಸೆಯಲಿ, ಕೊನೆಗೆ ಹೊರಗಾದರೂ ಬಿದ್ದೇನು ಎಂದು ಭವ್ಯಾ ಹಲ್ಲು ಕಚ್ಚಿ ಕಾದಳು. ಚೌಡಮ್ಮ ಕಾವಲಿ ಇಳಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಮತ್ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಹೇಳ್ಬ್ಯಾಡ. ನಾನೂ ಹೇಳಲ್ಲ. ಮದುವೆ ಮಾತು ಇಲ್ಲಿಗೆ ಬಿಡಾಣ, ಅದು ಆಗಲ್ಲ. ಜಾತಕ ಕೂಡ್ಲಿಲ್ಲ ಅಂತ ಏನಾರ ಹೇಳಿದ್ರಾತು. ನೀನು ಮಾತ್ರ ಹಿಂಗೇ ಇರು. ಬೀದಿಗೆಲ್ಲ ಸೋದರ ಸೊಸೆ ಅಂತ ಹೇಳಿ ಆಗೈತೆ. ಈಗ ಅಲ್ಲ ಅಂದ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು? ಅತ್ತೆ ಅಂತ್ಲೇ ಕರಿ."

ತಟ್ಟೆಗೆ ಹೊಸ ದೋಸೆ ಬಂತು. ತುಪ್ಪ ಬರಲಿಲ್ಲ. ಆ ದೋಸೆಯನ್ನು ತಿನ್ನುತ್ತ ಭವ್ಯಾಳಿಗೆ ತಿಳಿಯಿತು: ನಿಜ ಹೇಳಿದರೆ ಬಾಗಿಲು ತೆರೆಯುತ್ತದೆ ಎಂದುಕೊಂಡಿದ್ದಳು, ನಿಜವನ್ನೂ ಒಳಗೇ ಕೂರಿಸಿ ಚೌಡಮ್ಮ ಬೀಗ ಹಾಕಿದ್ದಳು. ಈಗ ಜೀವಮಾನವೆಲ್ಲ ಉಪಕಾರದ ಸುಳ್ಳೊಂದನ್ನು ಅತ್ತೆ ಅತ್ತೆ ಎಂದು ಕರೆಯುತ್ತಿರಬೇಕು.

ಆ ವಾರ ಊಟದ ಬಿಡುವಿನಲ್ಲೆಲ್ಲ ಅವಳು ಬೇರೆ ರೂಮು ಹುಡುಕಿ ತಿರುಗಿದಳು. ಮೀನು ಮಾರ್ಕೆಟ್ಟಿನ ಹಿಂದೆ ಸಾಲಾಗಿ ಶೀಟಿನ ರೂಮುಗಳಿದ್ದವು. ನಾತಕ್ಕೆ ಹೆದರಿ ಯಾರೂ ಬರುತ್ತಿರಲಿಲ್ಲ. ರೂಮುಗಳ ಯಜಮಾನ, ಒಬ್ಬ ಮುದುಕ, ಬಾಗಿಲಲ್ಲಿ ಬಲೆ ಹೊಲಿಯುತ್ತ ಕೂತಿದ್ದ.

"ಯಾರ ಪೈಕಿ?"

ಭವ್ಯಾಳ ನಾಲಿಗೆ ತುದಿಗೆ ಬೆಳ್ಳಪ್ಪ ಬಂದು ಕೂತ. ಅವನನ್ನು ಎಬ್ಬಿಸಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಶುಂಠಿ ಕ್ಯಾಂಪಿನ ಯಲ್ಲವ್ವನ ಪೈಕಿ" ಎಂದಳು.

"ಅದ್ಯಾರು?"

"ನಮ್ಮವ್ವ. ತೀರಿಕೊಂಡ್ಲು."

ಮುದುಕ ಅವಳ ಮಸಿ ಹಿಡಿದ ಉಗುರುಗಳನ್ನು ನೋಡಿದ. "ನಲ್ಲಿ ನೀರು ಹಾಳು ಮಾಡಂಗಿಲ್ಲ. ಕಿಟಕಿ ತೆಗೀಬ್ಯಾಡ, ಬೆಕ್ಕು ಬತ್ತಾವೆ" ಎಂದು ಮತ್ತೆ ಬಲೆಗೆ ಬಗ್ಗಿದ. ಕಿಟಕಿ ತೆಗೆದರೂ ಎದುರಿಗೆ ಗೋಡೆಯೇ ಇತ್ತು. ಮಲಗಿದರೆ ಕಾಲು ಬಾಗಿಲಿಗೆ ತಾಗುತ್ತಿತ್ತು. ಬೀಗದಕೈ ಒಂದೇ ಇತ್ತು.

ಯುಗಾದಿ ಕಳೆದ ಮೇಲೆ, ಸಾಗರದಿಂದ ಹೊಸನಗರ, ಹೊಸನಗರದಿಂದ ತೀರ್ಥಹಳ್ಳಿ ಎಂದು ಬಸ್ಸು ಬದಲಿಸಿ ದುಗ್ಗಮ್ಮ ಬಂದಳು. ಸೆರಗು ಮೂಗಿಗೆ ಹಿಡಿದು ರೂಮನ್ನು ಒಮ್ಮೆ ನೋಡಿದಳು. ನೋಡಲು ಒಮ್ಮೆಗಿಂತ ಹೆಚ್ಚು ಬೇಕಾಗಿರಲಿಲ್ಲ. ಮಾವಿನಮಿಡಿಯ ಜಾಡಿಯನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕೂತಳು.

"ಚೌಡಮ್ಮ ಫೋನು ಮಾಡಿ ಅತ್ಲು. ನೀನು ಹೇಳ್ದೆ ಹೊರಟು ಬಂದ್ಯಂತೆ."

"ಹೇಳೇ ಬಂದೆ. ಅವ್ರಿಗೆ ಕೇಳ್ಲಿಲ್ಲ."

"ಇದು ಕೋಳಿ ಗೂಡು ಕಣೆ."

"ಹೂಂ ಅಮ್ಮ. ಸಣ್ಣದೇ."

ದುಗ್ಗಮ್ಮ ಸುತ್ತ ನೋಡಿದಳು, ಹಿಡಿದುಕೊಳ್ಳಲು ಏನಾದರೂ ಸಿಕ್ಕೀತೇ ಎಂಬಂತೆ. ಆಮೇಲೆ ಅವಳ ಮುಖ ತಿಳಿಯಾಯಿತು. "ಬರ್ತಾ ಕಂಡೆ. ಬೀದಿ ತುದೀಲಿ ದಿನಸಿ ಅಂಗಡಿ ಐತಲ್ಲ, ಅವ್ರು ನಮ್ಮ ಪೈಕಿಯೋರೇ. ಒಂದು ಮಾತು ಹೇಳಿಟ್ಟು ಹೋಗ್ತೀನಿ. ಬೆಳ್ಳಪ್ಪನ ಮನೆ ಹುಡುಗಿ ಇಲ್ಲೈತೆ, ಸ್ವಲ್ಪ ನೋಡ್ಕಳಿ ಅಂತ. ಅಷ್ಟೇ."

"ಬ್ಯಾಡಮ್ಮ."

"ಹಂಗಾದ್ರೆ ನಾನ್ಯಾರೆ ನಿಂಗೆ?"

ಭವ್ಯಾ ಜಾಡಿಯ ಮುಚ್ಚಳಕ್ಕೆ ಕಟ್ಟಿದ ಬಟ್ಟೆಯನ್ನು ಬಿಚ್ಚಿ, ಮಡಚಿ, ದುಗ್ಗಮ್ಮನ ಚೀಲಕ್ಕೆ ಹಾಕಿದಳು.

"ನೀನು ಅಮ್ಮ. ಅದನ್ನ ದಿನಸಿ ಅಂಗಡಿಯೋರಿಗೆ ಎಂತಕ್ಕೆ ಹೇಳ್ಬೇಕು? ನೀನು ಹೇಳಿದ್ರೆ ಅವ್ರು ನನ್ನ ಚೆನ್ನಾಗೇ ನೋಡ್ಕಳ್ತಾರೆ, ನಂಗೊತ್ತು. ನಾಳೆಯಿಂದ ಎಷ್ಟೊತ್ತಿಗೆ ಬಂದೆ, ಎಂತ ತಗಂಡೆ ಅಂತ ನೋಡ್ತಾರೆ, ನಿಂಗೆ ಫೋನು ಮಾಡ್ತಾರೆ. ಉಪ್ಪಿನಕಾಯಿ ಇಟ್ಟು ಹೋಗು. ಮಾತು ಮಾತ್ರ ಯಾರ ಹತ್ರನೂ ಇಟ್ಟು ಹೋಗ್ಬ್ಯಾಡ. ಯಾರಾದ್ರೂ ಕೇಳಿದ್ರೆ ನಾನೇ ಹೇಳ್ಕಳ್ತೀನಿ. ಏಳು ಅಮ್ಮ, ಬಸ್ಸಿಗೆ ಹೊತ್ತಾತು."